ಹೊಲಿಗೆಯಕ್ಕನ ಬಾಗಿಲಲ್ಲೇ ನಿಂತ ಪೊರಕೆ

ಎಲ್ಲರಿಗೂ ಸೇರಿದ ಜಾಗದ ಹಣೆಬರಹ ನಿಮಗೆ ಗೊತ್ತೇ ಇದೆ. ಕೂರುವುದಕ್ಕೆ ಎಲ್ಲರೂ ಬರುತ್ತಾರೆ, ಗುಡಿಸುವುದಕ್ಕೆ ಯಾರೂ ಇಲ್ಲ. ಮೆಟ್ಟಿಲ ದೀಪ ಕೆಟ್ಟರೂ ಅಷ್ಟೇ, ಓಣಿಯ ಚರಂಡಿ ಕಟ್ಟಿಕೊಂಡರೂ ಅಷ್ಟೇ. ಈಗ ಹೇಳುವುದು ಒಂದು ತೋಟದ ಕಥೆ.

ಊರು ದೊಡ್ಡದು, ತೋಟ ಚಿಕ್ಕದು. ಅದರ ಸುತ್ತ ಎಂಟು ಮನೆಗಳು ಬೆನ್ನು ಹಾಕಿ ನಿಂತಿವೆ. ಎಂಟೂ ಮನೆಯ ಹಿಂಬಾಗಿಲು ಅದರೊಳಕ್ಕೇ ತೆರೆಯುತ್ತದೆ. ಬೀದಿಯ ಕಡೆಗೆ ಒಂದೇ ಗೇಟು, ಅದರ ಬೀಗದ ಕೈ ಮನೆಗೊಂದು. ತೋಟ ಸರ್ಕಾರದ್ದಲ್ಲ, ಯಾವ ಒಬ್ಬರದ್ದೂ ಅಲ್ಲ, ಎಂಟು ಮನೆಯವರಿಗೂ ಸೇರಿದ್ದು. ನಡುವೆ ದೊಡ್ಡದೊಂದು ಮರ. ಮರದ ಕೆಳಗೆ ದಿನವೂ ಪೊರಕೆ ಹಿಡಿದು ಗೊಣಗುವ ಹೊಲಿಗೆಯಕ್ಕ.

ಹೊಲಿಗೆಯಕ್ಕ ಬಟ್ಟೆ ಹೊಲಿದು ಮನೆ ನಡೆಸುವವಳು. ಅವಳ ಮಷೀನು ಹಿಂದಿನ ಕೋಣೆಯ ಕಿಟಕಿಯ ಪಕ್ಕದಲ್ಲಿದೆ. ಮರದ ನೆರಳಿಲ್ಲದಿದ್ದರೆ ಆ ಕೋಣೆ ಮಧ್ಯಾಹ್ನಕ್ಕೆ ಕಾದ ಹೆಂಚಾಗುತ್ತದೆ. ಆದರೂ ಈಚೆಗೆ ಮರವೆಂದರೆ ಅವಳಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಬೆಳಗಾದರೆ ಎಲೆಯೆಲ್ಲ ಅವಳೇ ಗುಡಿಸಬೇಕು, ನೀರು ಕಟ್ಟಿಕೊಂಡರೆ ಚರಂಡಿಯ ಬಾಯಿ ಅವಳೇ ಬಿಡಿಸಬೇಕು. ಗುಡಿಸಿದ್ದನ್ನು ಮರದ ಬುಡಕ್ಕೆ ಒತ್ತಿ, ಮೇಲೊಂದಿಷ್ಟು ಮಣ್ಣು ಹಾಕಿ, ತಟ್ಟಿ ಗುಡ್ಡೆ ಮಾಡುವಳು. ವರ್ಷ ವರ್ಷ ಬೆಳೆದು ಆ ಗುಡ್ಡೆ ಸೊಂಟದೆತ್ತರ ಬಂದಿತ್ತು. ಬೈದುಕೊಂಡೇ ಮಾಡಿದ್ದಾದರೂ ಅದರ ಅಂದದ ಬಗ್ಗೆ ಅವಳಿಗೆ ಒಳಗೊಳಗೇ ಹೆಮ್ಮೆ.

ಮೊನ್ನೆ ಗಾಳಿ ಬೀಸಿದಾಗ ಮರದ ಒಣಕೊಂಬೆಯೊಂದು ಮುರಿದು ಕೆಳಗಿನ ಬೆಂಚಿನ ಮೇಲೆ ಬಿತ್ತು. ಅವಳ ಅತ್ತೆ ದಿನವೂ ಕೂರುವ ಬೆಂಚು ಅದು. ಆ ಹೊತ್ತಿಗೆ ಕನ್ನಡಕ ತರಲು ಒಳಗೆ ಹೋಗಿದ್ದರಿಂದ ಅವರು ಬದುಕಿದರು.

ಸಂಜೆಗೇ ಎದುರು ಮನೆಯ ಟ್ಯಾಕ್ಸಿ ಡ್ರೈವರ್ ಬಂದ. "ಅಕ್ಕಾ, ಮರ ತೆಗೆಸಿಬಿಡೋಣ. ಸಿಮೆಂಟ್ ಹಾಕಿದ್ರೆ ಎಲ್ಲರ ಗಾಡಿನೂ ನಿಲ್ಲುತ್ತೆ. ಏಳು ಮನೆಯವರು ಹೂಂ ಅಂದಿದ್ದಾರೆ. ನಿಮ್ಮದೊಂದೇ ಬಾಕಿ."

ಎಂಟು ಮನೆಯೂ ಒಪ್ಪದೆ ತೋಟದಲ್ಲಿ ಏನನ್ನೂ ಬದಲಿಸುವಂತಿಲ್ಲ. ಇದು ಹಿರಿಯರ ಕಾಲದ ಕಟ್ಟುಪಾಡು. ಅಂದರೆ ಮರದ ಜೀವ ಈಗ ಹೊಲಿಗೆಯಕ್ಕನ ನಾಲಿಗೆಯ ತುದಿಯಲ್ಲಿತ್ತು. "ಭಾನುವಾರ ಎಲ್ಲರೂ ಸೇರಿದಾಗ ಹೇಳ್ತೀನಿ," ಎಂದಳು. ಹೇಳುವುದೇನೆಂದು ಮನಸ್ಸಿನಲ್ಲಿ ಆಗಲೇ ಗಟ್ಟಿಮಾಡಿಕೊಂಡಿದ್ದಳು.

ಶನಿವಾರ ಅವಳ ತಂಗಿ ಬಂದಳು. ನಗರದ ತೋಟಗಾರಿಕೆ ಕಚೇರಿಯಲ್ಲಿ ತಂಗಿಗೆ ಕೆಲಸ. ಬೀದಿಯ ಮರಗಳಿಗೆ ರೋಗ ಬಂದರೆ ನೋಡಿ ಹೇಳುವವಳು. ಅವಳ ಕೋಟಿನ ಜಿಪ್ ಕಿತ್ತುಬಂದಿತ್ತು.

"ನಾಳೆ ಹೂಂ ಅಂದ್ಬಿಡ್ತೀನಿ ಕಣೇ," ಎಂದಳು ಹೊಲಿಗೆಯಕ್ಕ, ಜಿಪ್ ಬಿಚ್ಚುತ್ತ. "ಸಾಕಾಗಿದೆ ನಂಗೆ. ತೋಟ ಎಂಟು ಮನೆದು, ನೋಯೋ ಸೊಂಟ ನನ್ನದು. ಸಿಮೆಂಟ್ ಹಾಕಿದ್ರೆ ಎಲೆನೂ ಇಲ್ಲ, ಗೋಳೂ ಇಲ್ಲ."

"ನೆಗಡಿ ಬಂತು ಅಂತ ಮೂಗು ಕೊಯ್ಕೋತಾರಾ?"

"ಮೂಗು ನಂದೊಬ್ಬಳದೇ ಆಗಿದ್ರೆ ಉಳಿಸ್ಕೋತಿದ್ದೆ. ಇದು ಎಂಟು ಮನೆಯವರ ಮೂಗು, ಒರೆಸೋಳು ಮಾತ್ರ ನಾನು."

ಬಾಗಿಲ ಬಳಿ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದ ಅತ್ತೆಗೆ ಇದು ತಡೆಯಲಿಲ್ಲ. "ಈ ತೋಟ ಆಕಾಶದಿಂದ ಉದುರಿದ್ದಲ್ಲ ಕಣಮ್ಮ," ಎಂದರು. "ನಾನು ಈ ಮನೆಗೆ ಬಂದಾಗ ಇಲ್ಲಿ ಎಂಟು ಹಿತ್ತಲಿತ್ತು, ನಡುನಡುವೆ ಎತ್ತರದ ಗೋಡೆ. ಒಂದು ಚಾಪೆ ಹಾಸಿದ್ರೆ ಹಿತ್ತಲು ಮುಗೀತು. ಬಟ್ಟೆ ಒಣಗೋಕೂ ಬಿಸಿಲಿಲ್ಲ. ನಿಮ್ಮ ಮಾವ ಒಂದಿನ ರೇಗಿ, ಸುತ್ತಿಗೆ ತಗೊಂಡು ನಮ್ಮ ಗೋಡೆ ಒಡೆದ್ರು. ಪಕ್ಕದ ಮನೆಯ ಬೇಕರಿಯವನ ಅಪ್ಪ ಜಗಳಕ್ಕೆ ಬಂದ. ಬಂದು ನೋಡಿದ್ರೆ ಅವನ ಅಡುಗೆಮನೆಗೂ ಬೆಳಕು ಬಿದ್ದಿದೆ. ಮಾರನೇ ವಾರ ಅವನೇ ತನ್ನ ಆ ಕಡೆ ಗೋಡೆ ಕೆಡವಿದ. ಹಾಗೇ ಒಂದೊಂದಾಗಿ ಎಲ್ಲಾ ಹೋಯ್ತು. ನೀನು ದಿನಾ ಗುಡಿಸೋ ದಾರಿಗೆ ಹಾಸಿರೋದು ಅದೇ ಇಟ್ಟಿಗೆ."

"ಆಗ ಯಾರು ಗುಡಿಸ್ತಿದ್ರು?" ತಂಗಿ ಕೇಳಿದಳು.

"ಪಾಳಿ ಇತ್ತಲ್ಲ. ಇದ್ದದ್ದು ಒಂದೇ ಪೊರಕೆ. ಅದು ಯಾರ ಹಿಂಬಾಗಿಲಿಗೆ ಒರಗಿದೆಯೋ ಆ ವಾರ ಅವರದು. ವಾರ ಮುಗಿದ್ಮೇಲೆ ಪಕ್ಕದ ಬಾಗಿಲಿಗೆ ಒರಗಿಸಿ ಬರೋದು. ಬಾಯಿಬಿಟ್ಟು ಹೇಳೋದೂ ಬೇಕಿರ್ಲಿಲ್ಲ."

"ಮತ್ತೆ ಈಗ ಯಾಕೆ ಇಲ್ಲೇ ನಿಂತಿದೆ?"

ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ಜಿಪ್ ನೋಡಿದಳು. "ಬೇರೆಯವರು ಗುಡಿಸಿದ್ರೆ ಅರ್ಧ ಕಸ ಅಲ್ಲೇ ಇರುತ್ತೆ," ಎಂದಳು. "ಅದನ್ನ ನೋಡ್ತಾ ಕೂತು ಹೊಲಿಯೋಕೆ ನನ್ನ ಕೈಲಾಗಲ್ಲ. ನಾನೇ ಇಟ್ಕೊಂಡೆ."

ತಂಗಿ ಎದ್ದು ತೋಟಕ್ಕೆ ಹೋದಳು. ಹಿಂದೆಯೇ ಇವಳೂ ಹೋದಳು. ತಂಗಿ ಮೊದಲು ತಲೆಯೆತ್ತಿ ಮರದ ತುದಿ ನೋಡಿದಳು, ಆಮೇಲೆ ಬುಡ ನೋಡಿದಳು.

"ಈ ಗುಡ್ಡೆ ಯಾರು ಮಾಡಿದ್ದು?"

"ಇನ್ಯಾರು ಮಾಡ್ತಾರೆ ಇಲ್ಲಿ? ಮರಕ್ಕೆ ಗೊಬ್ಬರ ಆಗ್ಲಿ ಅಂತ ನಾನೇ," ಎಂದಳು ಅಕ್ಕ. ಒಂದು ಮೆಚ್ಚುಗೆಯ ಮಾತಾದರೂ ಬರಬಹುದೆಂದು ಕಾದಳು.

ತಂಗಿ ಕೂತು ಎರಡೂ ಕೈಯಿಂದ ಗುಡ್ಡೆ ಬಗೆದಳು. ಒಳಗಿನ ತೊಗಟೆ ಕಪ್ಪಗೆ, ಒದ್ದೆಯಾಗಿ ನಾರುತ್ತಿತ್ತು. ಹೆಬ್ಬೆರಳಿನಿಂದ ಒತ್ತಿದರೆ ನೆನೆದ ಬ್ರೆಡ್ಡಿನಂತೆ ಒಳಕ್ಕೆ ಹೋಯಿತು.

"ಅಕ್ಕಾ, ಬೇರು ಮಣ್ಣಲ್ಲಿರ್ಬೇಕು, ತೊಗಟೆ ಗಾಳಿಯಲ್ಲಿರ್ಬೇಕು. ನೀನು ವರ್ಷಗಟ್ಟಲೆ ತೊಗಟೆಗೆ ಒದ್ದೆ ಕಂಬಳಿ ಹೊದಿಸಿದೀಯ. ಬುಡ ಕೊಳೀತಿದೆ. ಕೊಂಬೆ ಒಣಗಿದ್ದು ಅದಕ್ಕೇ."

ಹೊಲಿಗೆಯಕ್ಕನಿಗೆ ಮೈಯೆಲ್ಲ ಉರಿಯಿತು. "ಅಂದ್ರೆ ಏನೂ ಮಾಡದೆ ಕೂತವರು ಒಳ್ಳೆಯವರು, ದುಡಿದು ಸತ್ತವಳು ಕೊಲೆಗಾತಿ. ಅಲ್ವಾ?"

"ಕೂತವರದ್ದೂ ತಪ್ಪೇ. ಒಬ್ಬರಾದ್ರೂ ಬಂದು ನೋಡಿದ್ರೆ ಇಲ್ಲೇನೋ ನಾರ್ತಿದೆ ಅಂತಿದ್ರು. ನೀನು ಯಾರನ್ನೂ ಹತ್ತಿರ ಬಿಡ್ಲಿಲ್ಲ, ಅವರಿಗೂ ಅಷ್ಟೇ ಬೇಕಾಗಿತ್ತು."

ಬೈಯಲು ಬಾಯಿ ತೆರೆದ ಅಕ್ಕನ ಕಣ್ಣಿಗೆ ಮುರಿದ ಬೆಂಚು ಬಿತ್ತು. ಅತ್ತೆ ಕನ್ನಡಕ ಮರೆಯದೆ ಅಲ್ಲೇ ಕೂತಿದ್ದರೆ ಎಂಬುದು ಈಗ ಹೊಳೆಯಿತು. "ಮರ ಉಳಿಯುತ್ತಾ?" ಎಂದು ಕೇಳಿದಳು.

"ಒಂದು ಬದಿ ಇನ್ನೂ ಗಟ್ಟಿ ಇದೆ. ಬುಡ ಪೂರ್ತಿ ಬಿಡಿಸಿ ಒಣಗೋಕೆ ಬಿಡ್ಬೇಕು. ಒಣಕೊಂಬೆಗಳನ್ನ ಬಲ್ಲವರ ಕೈಲಿ ಕಡಿಸ್ಬೇಕು. ಅಲ್ಲಿವರೆಗೂ ಕೆಳಗೆ ಯಾರೂ ಕೂರ್ಬಾರ್ದು. ಉಳಿಯುತ್ತೆ ಅಂತ ಮಾತು ಕೊಡಲ್ಲ ಅಕ್ಕಾ. ಪ್ರಯತ್ನ ಮಾಡಬಹುದು."

ಭಾನುವಾರ ಎಂಟೂ ಮನೆಯವರು ಸೇರಿದರು. ಡ್ರೈವರ್ ಅಳತೆಯ ಟೇಪು ಹಿಡಿದೇ ಬಂದಿದ್ದ. "ಹೂಂ ತಾನೇ ಅಕ್ಕಾ?"

"ಊಹೂಂ," ಎಂದಳು ಹೊಲಿಗೆಯಕ್ಕ. ಎಲ್ಲರನ್ನೂ ಬುಡದ ಹತ್ತಿರ ಕರೆದು ಕೊಳೆತ ತೊಗಟೆ ತೋರಿಸಿದಳು. "ಇದು ನಾನು ಮಾಡಿದ್ದು. ಗೊತ್ತಿಲ್ಲದೆ ಮಾಡಿದ್ದು. ನೀವು ಯಾರೂ ಈ ಕಡೆ ತಲೆ ಹಾಕದೆ ಇದ್ದದ್ದಕ್ಕೆ ಯಾರಿಗೂ ಗೊತ್ತಾಗ್ಲಿಲ್ಲ. ಇವತ್ತಿಂದ ಪಾಳಿ. ತಗೊಳ್ಳಿ ಬೇಕರಿಯಣ್ಣ, ಮೊದಲು ನೀವು." ಪೊರಕೆ ಚಾಚಿದಳು.

ಬೇಕರಿಯವನು ಕೈ ಮುಂದೆ ಮಾಡಲಿಲ್ಲ. "ನಿಜವಾಗ್ಲೂ ಕೊಡ್ತೀರಾ? ಹಿಂದೊಂದ್ಸಲ ನಾನು ಗುಡಿಸ್ತಿದ್ದಾಗ ಕೈಯಿಂದ ಕಿತ್ಕೊಂಡು ಹೋದ್ರಿ. ಅವತ್ತಿಂದ ನಿಮ್ಮನ್ನ ಕಂಡ್ರೆ ನಂಗೆ ಭಯ."

ಎಲ್ಲರೂ ನಕ್ಕರು. ಡ್ರೈವರ್ ನಗಲಿಲ್ಲ. "ನನ್ನ ಗಾಡಿ ಬೀದೀಲೇ ನಿಲ್ಲುತ್ತಲ್ಲ, ಅದಕ್ಕೇನು ಮಾಡೋಣ?"

ಅತ್ತೆ ಕೇಳಿದರು, "ನಿನ್ನ ಮಗಳು ಮಲಗೋ ಕೋಣೆ ಯಾವ ಕಡೆಗಿದೆ ಮಗಾ?"

ಆ ಕೋಣೆಯ ಕಿಟಕಿ ಮರದ ನೆರಳಿನಲ್ಲೇ ಇತ್ತು. ಡ್ರೈವರ್ ಆ ಕಡೆ ಒಮ್ಮೆ ನೋಡಿದ. "ಸರಿ, ಸನಿಕೆ ಎಲ್ಲಿದೆ ಹೇಳಿ," ಎಂದು ಟೇಪನ್ನು ಜೇಬಿಗೆ ಹಾಕಿಕೊಂಡ. ಮಧ್ಯಾಹ್ನದೊಳಗೆ ಗುಡ್ಡೆ ಕರಗಿತು. ಎಲೆ ಹಾಕಲು ದೂರದ ಮೂಲೆಯಲ್ಲಿ ಗುಂಡಿಯೊಂದು ಆಯಿತು. ವರ್ಷಗಳಲ್ಲಿ ಕಟ್ಟಿದ್ದು ಅರ್ಧ ದಿನದಲ್ಲಿ ಹೋದದ್ದನ್ನು ಹೊಲಿಗೆಯಕ್ಕ ಕಿಟಕಿಯಿಂದ ನೋಡಿ ಒಂದಿಷ್ಟು ಸಂಕಟಪಟ್ಟಳು, ನಿಜ.

ಸೋಮವಾರ ಬೆಳಿಗ್ಗೆ ಬೇಕರಿಯವನು ಗುಡಿಸತೊಡಗಿದ. ಅದನ್ನು ಗುಡಿಸುವುದೆನ್ನುವುದಕ್ಕಿಂತ ಎಲೆಗಳನ್ನು ಮಾತಾಡಿಸಿಕೊಂಡು ಹೋದನೆನ್ನಬಹುದು. ಹೊಲಿಗೆಯಕ್ಕ ಮಷೀನು ಬಿಟ್ಟು ಎದ್ದಳು.

"ಕೂತ್ಕೋ," ಎಂದರು ಅತ್ತೆ.

ಕೂತಳು. ಹಲ್ಲು ಕಚ್ಚಿ ಮಷೀನು ತುಳಿದಳು. ಅಷ್ಟರಲ್ಲಿ ಹೊರಗಿನಿಂದ ಬೇಕರಿಯವನ ದನಿ ಬಂತು. "ಅಕ್ಕಾ, ಈ ಚರಂಡಿಯ ಬಾಯಿ ಚೆನ್ನಾಗೇ ಇದೆ. ಒಳಗೆ ಪೈಪಿಗೆ ಕೈ ಹಾಕಿದ್ರೆ ಬರೀ ನಿಮ್ಮ ಬಟ್ಟೆ ಚೂರು, ನೂಲು. ನೀರು ಕಟ್ಟೋದು ಇದಕ್ಕೇ ಅಲ್ವಾ?"

ಹೊಲಿಗೆಯಕ್ಕನ ಮಷೀನು ನಿಂತಿತು. ಅತ್ತೆ ತಲೆ ತಗ್ಗಿಸಿ ಅಂಗಿಗೆ ಗುಂಡಿ ಹಾಕುತ್ತಲೇ ಇದ್ದರು, ತಡೆದ ನಗುವಿಗೆ ಭುಜ ಮಾತ್ರ ಕುಲುಕುತ್ತಿತ್ತು.

ಕೇಳಿದಿರಲ್ಲ, ಈಗ ನಿಮ್ಮ ಸರದಿ. ನಿಮ್ಮ ಮನೆಗಳ ನಡುವೆಯೂ ಇಂಥ ಒಂದು ತುಂಡು ನೆಲವಿದ್ದರೆ ಅದು ಯಾರು ಬಿಟ್ಟುಕೊಟ್ಟ ಜಾಗವೆಂದು ಹಿರಿಯರನ್ನು ಕೇಳಿ. ಮರದ ಬುಡ ನೋಡಿ. ಎಲೆ, ಮಣ್ಣು ತೊಗಟೆಗೆ ತಾಗಿದ್ದರೆ ಇವತ್ತೇ ಬಿಡಿಸಿ, ಸುತ್ತ ಒಂದು ಮೊಳ ಬರೀ ನೆಲವಿರಲಿ. ಕಡಿಯುವ ಮಾತು ಬಂದರೆ ಮೊದಲು ಬಲ್ಲವರಿಗೆ ತೋರಿಸಿ. ಪೊರಕೆ ಎಷ್ಟೋ ದಿನದಿಂದ ನಿಮ್ಮ ಬಾಗಿಲಿಗೆ ಬಂದಿಲ್ಲವಾದರೆ ಹೋಗಿ ಕೇಳಿ ತನ್ನಿ. ನಿಮ್ಮ ಬಾಗಿಲಲ್ಲೇ ನಿಂತುಬಿಟ್ಟಿದ್ದರೆ ಪಕ್ಕದವರಿಗೆ ಕೊಡಿ. ಅವರು ಸರಿಯಾಗಿ ಗುಡಿಸುವುದಿಲ್ಲ, ಗೊತ್ತು. ಆದರೂ ಕೊಡಿ.