ನಲವತ್ತನೆಯ ಮುಳುಗು

ಇನ್ನೊಂದೇ ಒಂದು ಮುಳುಗು! ೨೦೦೬ರ ಜೂನ್ ಮೊದಲ ವಾರ. ಸವದತ್ತಿಯ ಹಿನ್ನೀರಿನಲ್ಲಿ, ಅಪ್ಪನ ಹರಗೋಲಿನೊಳಗೆ ಪೂನಮ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗೋವಾದ ಸ್ಕೂಬಾ ಅಂಗಡಿಯಲ್ಲಿ ಕೆಲಸಕ್ಕಿದ್ದ ಅವಳ ದಾಖಲೆ ಪುಸ್ತಕದಲ್ಲಿ ಮೂವತ್ತೊಂಬತ್ತು ಮುಳುಗುಗಳಿದ್ದವು. ನಲವತ್ತಾದರೆ ಸೋಮವಾರ ಗೈಡ್ ತರಬೇತಿಗೆ ಸೇರಬಹುದು, ಇಲ್ಲದಿದ್ದರೆ ಇನ್ನೊಂದು ವರ್ಷ ಸಿಲಿಂಡರು ಹೊರುವುದೇ ಗತಿ. ಮಳೆಗಾಲ ಶುರುವಾಗಿ ಅಲ್ಲಿ ಸಮುದ್ರಕ್ಕೆ ಇಳಿಯುವುದು ನಿಂತಿತ್ತು. ಅದಕ್ಕೇ ಜೊತೆಗೆ ಮುಳುಗುವ ಸೋದರಮಾವನ ಮಗ ಗುರುನಾಥನನ್ನೂ ಎಳೆದುಕೊಂಡು ಊರಿಗೆ ಓಡಿಬಂದಿದ್ದಳು.

"ಮುಳುಗಿದ್ದಕ್ಕೂ ಹಾಜರಿ ಪುಸ್ತಕ ಏನವಾ?" ಅಪ್ಪ ಹನುಮಪ್ಪ ನಕ್ಕ. "ಮೂವತ್ತ ವರ್ಷ ಈ ನೀರಾಗ ಮೀನ ಹಿಡದೇನಿ, ಒಂದ ಅಕ್ಷರ ಬರದಿಲ್ಲ."

"ನೀ ಗಡಿಯಾರ ನೋಡಪಾ, ಸಾಕು. ಇಪ್ಪತ್ತ ನಿಮಿಷ ಆಗದಿದ್ರ ಅಂಗಡಿಯವ್ರು ಲೆಕ್ಕಕ್ಕ ಹಿಡಿಯೂದಿಲ್ಲ."

ಪುಸ್ತಕ ನೋಡಿಯೇ, ತೇಲದೆ ಕೆಳಗಿಳಿಯಲೆಂದು ಸೊಂಟಕ್ಕೆ ಸೀಸದ ತೂಕ ಕಟ್ಟಿಕೊಂಡಳು, ಎಂದಿನಂತೆ ಎಂಟು ಕಿಲೊ. ಇಳಿದಳೋ ಇಲ್ಲವೋ, ಅಯ್ಯಯ್ಯೋ, ರುಬ್ಬುವ ಗುಂಡಿನ ಹಾಗೆ ತಳಕ್ಕೇ ಹೋಗಿ ರಾಡಿಯಲ್ಲಿ ಹೂತಳು! ಗುರುನಾಥನ ಗತಿಯೂ ಅದೇ. ನೀರೆಲ್ಲ ಕದಡಿ ಒಬ್ಬರ ಮುಖ ಒಬ್ಬರಿಗೆ ಕಾಣದೆ ಇಬ್ಬರೂ ಮೇಲೆ ಬಂದರು.

"ಹನ್ನೊಂದ ನಿಮಿಷ," ಎಂದ ಹನುಮಪ್ಪ.

"ಇಪ್ಪತ್ತಂತ ಬರದ ಬಿಡ, ಯಾರ ಕೇಳತಾರ?" ಎಂದ ಗುರುನಾಥ.

ಪೂನಮ್ ಅಳುವುದೊಂದು ಬಾಕಿ. ಪೆನ್ನು ಹಿಡಿದು ಪುಟ ತೆರೆದಳು. ಮೂಲೆಯಲ್ಲೊಂದು ಖಾನೆ: ಉಪ್ಪು ನೀರೋ, ಸಿಹಿ ನೀರೋ? ಗೋವಾದಲ್ಲಿ ಎಲ್ಲ ಉಪ್ಪೇ, ಬರೆಯುವುದೇನು ಎಂದು ಮೂವತ್ತೊಂಬತ್ತು ಸಲವೂ ಖಾಲಿ ಬಿಟ್ಟಿದ್ದಳು!

"ಗುರು! ಉಪ್ಪನೀರು ಜಾಸ್ತಿ ತೇಲಸತೈತಿ. ಎಂಟ ಕಿಲೊ ಅಲ್ಲಿಗೆ. ಇದು ಸಿಹಿನೀರೋ ಮಾರಾಯಾ!"

ಎರಡೆರಡು ಕಿಲೊ ಬಿಚ್ಚಿಟ್ಟರು. ಸ್ವಲ್ಪ ಸುಧಾರಿಸಿಕೊಂಡು, ಸಿಲಿಂಡರಿನಲ್ಲಿ ಉಳಿದ ಗಾಳಿಯಲ್ಲೇ, ಬೇರೆ ಕಡೆ ಮತ್ತೆ ಇಳಿದರು. ಈ ಸಲ ಏನು ಹಗುರ! ಕಾಲಡಿಯ ರಾಡಿ ಕದಡಲೇ ಇಲ್ಲ. ಮೀನಿನ ಹಿಂಡೊಂದು ಮೂಗಿನ ಮುಂದೆಯೇ ಹಾದುಹೋಯಿತು. ಸಿಲಿಂಡರಿನ ಗಾಳಿ ತೋರಿಸುವ ಮುಳ್ಳು ಕೆಳಗಿಳಿಯುವವರೆಗೂ ತೇಲಿ ಮೇಲೆ ಬಂದಳು.

"ಎಷ್ಟಪಾ?"

ಹನುಮಪ್ಪ ಬೇಕಂತಲೇ ತಡಮಾಡಿದ. "ಇಪ್ಪತ್ತ... ಎರಡು!"

ಪೂನಮ್ ಕಿರುಚಿದ ಕಿರುಚಾಟಕ್ಕೆ ದಂಡೆಯ ಕೊಕ್ಕರೆಗಳೆಲ್ಲ ಎದ್ದವು. ಹರಗೋಲು ಹತ್ತಿದವಳೇ ಒದ್ದೆ ಕೈ ಒರೆಸಿಕೊಂಡು ಬರೆದಳು: ನಲವತ್ತು, ಸಿಹಿ ನೀರು, ಆರು ಕಿಲೊ, ಇಪ್ಪತ್ತೆರಡು ನಿಮಿಷ. ಜೊತೆಗೆ ಮುಳುಗಿದ್ದಕ್ಕೆ ಸಾಕ್ಷಿಯಾಗಿ ಗುರುನಾಥ ಸಹಿ ಹಾಕಿದ.

ಹನುಮಪ್ಪ ಪುಸ್ತಕಕ್ಕೆ ಬಗ್ಗಿ ಒಂದೊಂದೇ ಅಕ್ಷರ ಓದಿದ. "ಮೊದಲಿನ ಹನ್ನೊಂದ ನಿಮಿಷ ಎಲ್ಲೈತಿ?"

"ಅದು ಲೆಕ್ಕಕ್ಕಿಲ್ಲಪಾ."

"ಬರಿ," ಎಂದ ಅಪ್ಪ. ಈಗ ಅವನು ನಗುತ್ತಿರಲಿಲ್ಲ. "ನಾಳೆ ಮತ್ತ ಯಾರರ ಎಂಟ ಕಿಲೊ ಕಟಗೊಂಡ ಇಲ್ಲಿ ಇಳದ್ರ? ಬರಿ ಮೊದಲ. ಸಹಿ ನಾ ಹಾಕತೇನಿ."