ಮಗುಚಿ ಕೂರಿಸಿದ ಹೆಸರು

ನಾನು ಒಂದು ಹಿತ್ತಾಳೆ ಫಲಕ. ಅಂಗೈಯಗಲವೂ ಇಲ್ಲ, ಆದರೂ ಜಂಬಕ್ಕೇನೂ ಕಡಿಮೆಯಿರಲಿಲ್ಲ. ಜರ್ಮನಿಯ ಕೆತ್ತನೆಗಾರನೊಬ್ಬ ನನ್ನ ಮೇಲೆ ‘ಹೆಡ್ವಿಗ್ ಮಾರ್ಕುಸ್ ಅವರ ಕೊಡುಗೆ’ ಎಂದು ಕೊರೆದ. ಹೆಡ್ವಿಗ್ ಯಹೂದಿ ಹೆಂಗಸು. ತಮ್ಮೂರಿನ ಚಿತ್ರಶಾಲೆಗೆ ಹದಿನೇಳು ಚಿತ್ರ ಕೊಟ್ಟ ಪುಣ್ಯಾತ್ಗಿತ್ತಿ. ಅವುಗಳಲ್ಲಿ ಸೇಬು ಸುಲಿಯುವ ಮುದುಕಿಯ ಚಿತ್ರದ ಚೌಕಟ್ಟು ನನ್ನ ಪಾಲಿಗೆ ಬಂತು.

ಪ್ರತಿ ಗುರುವಾರ ಹೆಡ್ವಿಗ್ ಬಂದು ಕರವಸ್ತ್ರದಿಂದ ನನ್ನನ್ನು ಒರೆಸುತ್ತಿದ್ದರು. ಮಕ್ಕಳಿಲ್ಲದ ಜೀವ. ತಾನು ಸತ್ತ ಮೇಲೆ ತನ್ನ ಹೆಸರು ಹೇಳಲು ಈ ಫಲಕಗಳೇ ಗತಿ ಎಂದು ಅಲ್ಲಿನ ಬಡಗಿ ಕೊನ್ರಾಡನ ಹತ್ತಿರ ಹೇಳಿಕೊಳ್ಳುತ್ತಿದ್ದರು.

ನಾಜಿಗಳ ಆಳ್ವಿಕೆ ಬಂತು. ಯಹೂದಿ ದಾನಿಗಳ ಹೆಸರು ಒಂದೂ ಉಳಿಯಕೂಡದು, ಫಲಕಗಳನ್ನೆಲ್ಲ ಕಿತ್ತು ಕರಗಿಸಲು ಕಳಿಸಿ ಎಂದು ಅಪ್ಪಣೆಯಾಯಿತು. ಕೀಳುವ ಕೆಲಸ ಕೊನ್ರಾಡನ ಪಾಲಿಗೆ ಬಂತು. ನನ್ನ ಹದಿನಾರು ಜೊತೆಗಾರರು ಠಣ್ ಠಣ್ ಎಂದು ಬುಟ್ಟಿಗೆ ಬಿದ್ದರು. ನನ್ನ ಸರದಿ ಬಂದಾಗ ಜೀವ ಬಾಯಿಗೆ ಬಂದಿತ್ತು. ಕೊನ್ರಾಡ್ ಹಳೇ ಕಾಲದ ಬಡಗಿ. ಒಂದು ಮುಖ ಕೆಟ್ಟ ಹಲಗೆಯನ್ನು ಎಸೆಯದೆ ಮಗುಚಿ ಬಳಸುವವನು. ಆಚೀಚೆ ನೋಡಿ ನನ್ನನ್ನೂ ಹಾಗೆಯೇ ಮಗುಚಿ, ಅದೇ ತೂತುಗಳಲ್ಲಿ ಸ್ಕ್ರೂ ಬಿಗಿದ. ಹೆಸರು ಮರದ ಕಡೆಗೆ ಹೋಯಿತು, ಬೋಳು ಬೆನ್ನು ಹೊರಗುಳಿಯಿತು.

ಮಾರನೆಯ ದಿನ ಬೂಟುಗಳ ಸದ್ದು. ತಪಾಸಣೆಗೆ ಬಂದ ಅಧಿಕಾರಿ ನನ್ನ ಅಂಚಿನಡಿ ಉಗುರು ತೂರಿಸಿ, ಇದೇಕೆ ಬೋಳಾಗಿದೆ ಎಂದು ಕೇಳಿದ. ಹೊಸ ದಾನಿಯ ಹೆಸರು ಕೆತ್ತಬೇಕಿದೆ ಎಂದ ಕೊನ್ರಾಡ್. ಉಗುರು ಇನ್ನೊಂದಿಷ್ಟು ಮೀಟಿದ್ದರೆ ಇಬ್ಬರ ಕಥೆಯೂ ಮುಗಿಯುತ್ತಿತ್ತು. ಪುಣ್ಯಕ್ಕೆ ಅಧಿಕಾರಿ ಹೊರಟುಹೋದ.

ಯಹೂದಿಗಳಿಗೆ ಪ್ರವೇಶವಿಲ್ಲ ಎಂಬ ಹಲಗೆ ಬಾಗಿಲಲ್ಲಿ ನೇತಾಡುತ್ತಿದ್ದರೂ ಗುರುವಾರ ಹೆಡ್ವಿಗ್ ಬಂದೇಬಿಟ್ಟರು. ಎಂಥ ಗುಂಡಿಗೆ! ನನ್ನ ಬೋಳು ಬೆನ್ನು ಕಂಡದ್ದೇ ಗೋಡೆ ಹಿಡಿದು ನಿಂತರು. ಪಕ್ಕದ ಕೋಣೆಯಲ್ಲಿ ಕಾವಲುಗಾರನ ಹೆಜ್ಜೆ ಕೇಳುತ್ತಿತ್ತು. ಕೊನ್ರಾಡ್ ಚೌಕಟ್ಟಿನ ಧೂಳು ಹೊಡೆಯುವ ನೆಪದಲ್ಲಿ ಬಗ್ಗಿ ಪಿಸುಗುಟ್ಟಿದ: “ಅಮ್ಮಾವ್ರೇ, ಕಿತ್ತಿಲ್ಲ. ಮಗುಚಿದ್ದೀನಿ, ಅಷ್ಟೇ. ನಿಮ್ಮ ಹೆಸರು ಒಳಗೇ ಇದೆ.”

ಅವರು ಕರವಸ್ತ್ರ ತೆಗೆದು ನನ್ನ ಬೆನ್ನನ್ನು ನಿಧಾನವಾಗಿ ಒರೆಸಿದರು. ಹೆಜ್ಜೆ ಹತ್ತಿರವಾಗುತ್ತಿದ್ದರೂ ಪೂರ್ತಿ ಒರೆಸಿಯೇ ಹೋದರು. ಮುಂದಿನ ಗುರುವಾರ ಬರಲಿಲ್ಲ. ಅವರನ್ನು ಯಹೂದಿಗಳನ್ನು ಶಿಬಿರಕ್ಕೆ ಸಾಗಿಸುವ ರೈಲಿಗೆ ಹತ್ತಿಸಿದರಂತೆ. ಆ ರೈಲಿನಲ್ಲಿ ಹೋದವರು ಯಾರೂ ಹಿಂದಿರುಗಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಕೊನ್ರಾಡನೂ ಇಲ್ಲವಾದ ಮೇಲೆ, ಚೌಕಟ್ಟು ರಿಪೇರಿಗೆ ಬಂದ ಹೆಂಗಸೊಬ್ಬಳು ನನ್ನನ್ನು ಬಿಚ್ಚಿ, ಆ ಹೆಸರನ್ನು ಗಟ್ಟಿಯಾಗಿ ಓದಿದಳು. ಯಾರೀಕೆ ಎಂದು ಚಿತ್ರಶಾಲೆಯಲ್ಲೆಲ್ಲ ಕೇಳಿದಳು. ಒಬ್ಬರಿಗೂ ಗೊತ್ತಿರಲಿಲ್ಲ.

ಈಗ ನನ್ನನ್ನು ನೆಟ್ಟಗೆ ಕೂರಿಸಿದ್ದಾರೆ. ಬಂದವರು ಹೆಸರು ಓದುತ್ತಾರೆ. ಆದರೂ ಬೂಟಿನ ಸದ್ದಾದರೆ ಇಂದಿಗೂ ನನಗೆ ನಡುಕ. ಆಗೆಲ್ಲ ಈಗ ಮರಕ್ಕೆ ಒತ್ತಿಕೊಂಡಿರುವ ನನ್ನ ಬೋಳು ಬೆನ್ನನ್ನು ನೆನೆಯುತ್ತೇನೆ. ಹೆಡ್ವಿಗ್ ಕೊನೆಯ ಸಲ ಒರೆಸಿದ್ದು ಅದನ್ನೇ.