ಎಡಕ್ಕೆ ತಿರುಚಿದ ತಂತಿ

“ಒಂದ್ನಿಮಿಷ ತಡೀರಿ ಮೇಡಂ, ಮೇಲಿನವರು ಲೋಟ ಎತ್ತಿಟ್ಕೊಳ್ಳಲಿ. ಆಮೇಲೆ ನನ್ನ ವಂಶಾವಳಿಯನ್ನೆಲ್ಲ ಬೈತಾರೆ,” ಎಂದ ಗುಡುಗು, ಡ್ರಿಲ್ಲಿಂಗ್ ಮಶಿನ್ನನ್ನು ಕೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು.

ಅವನ ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಪಿಲ್ಲರಿನ ಗಾರೆ ಒಡೆದು ಒಳಗಿನ ಕಬ್ಬಿಣ ಹೇಗಿದೆ ಅಂತ ತೋರಿಸುವುದು ಅವನ ಕೆಲಸ. ಅವನು ಮಶಿನ್ ಶುರು ಮಾಡಿದರೆ ಅಕ್ಕಪಕ್ಕದ ಕಟ್ಟಡಗಳಲ್ಲೂ ಠಣ್ ಠಣ್ ಅಂತ ಸದ್ದಾಗುತ್ತಿತ್ತು. ಏಳು ತಿಂಗಳ ಹಿಂದೆ ಭೂಕಂಪವಾದಾಗಿನಿಂದ ಮನೆಮನೆಯಲ್ಲೂ ಬಾಟಲಿಯ ಬಾಯಿಯ ಮೇಲೆ ಸ್ಟೀಲ್ ಲೋಟವೊಂದನ್ನು ಬೋರಲು ನಿಲ್ಲಿಸಿಡುತ್ತಿದ್ದರು. ನೆಲ ಅಲುಗಿದರೆ ಮೊದಲು ಲೋಟ ಬೀಳುತ್ತದೆ, ಆ ಸದ್ದಿಗೆ ಎದ್ದು ಓಡಬಹುದು ಅಂತ. ಯಾರು ಹೇಳಿಕೊಟ್ಟರೋ, ಯಾರು ಮೊದಲು ಇಟ್ಟರೋ, ಒಬ್ಬರಿಗೂ ತಿಳಿಯದು.

“ಭೂಕಂಪ ಬೀಳಿಸಿದ್ದಕ್ಕಿಂತ ಜಾಸ್ತಿ ಲೋಟ ನಾನೇ ಬೀಳಿಸಿದೀನಿ. ನಂಗೊಂದು ಸನ್ಮಾನ ಮಾಡ್ಬೇಕು ನೀವು,” ಎಂದು ಗುಡುಗು ತನ್ನ ಮಾತಿಗೆ ತಾನೇ ನಕ್ಕ.

ಇಂಜಿನಿಯರ್ ನಗಲಿಲ್ಲ. ನಗರ ಯೋಜನೆ ಕಚೇರಿಯಿಂದ ಬಂದ ಹೆಣ್ಣುಮಗಳು, ಮೂವತ್ತು ದಾಟಿರಬಹುದು, ಕಂಕುಳಲ್ಲಿ ವಾರ್ಡಿನ ನಕ್ಷೆಯ ಸುರುಳಿ. ಪಿಲ್ಲರಿಗೆ ಕೈಯಾನಿಸಿ ನಿಂತಿದ್ದ ಮುದುಕನ ಕಡೆ ತಿರುಗಿ, “ಮೇಸ್ತ್ರಿಗಳೇ, ಇದು ನಿಮ್ಮದು ತಾನೇ?” ಎಂದಳು.

“ಹೂಂ. ನಂದೇ.”

“ಯಾವ ಪಿಲ್ಲರ್ ಒಡೆಯೋಣ?”

“ಯಾವುದಾದ್ರೂ ಒಡೀರಿ. ಎಲ್ಲಾ ಒಂದೇ.”

ಮುದುಕ ನಲವತ್ತು ವರ್ಷ ಕಂಬಿ ಕಟ್ಟಿದವನು. ಎಡಗೈಯವನಾದ್ದರಿಂದ ಕೆಲಸದವರೆಲ್ಲ ಅವನನ್ನು ಎಡಚಪ್ಪ ಅಂತಲೇ ಕರೆಯುತ್ತಿದ್ದರು, ಅವನಿಗೂ ಅದೇ ರೂಢಿಯಾಗಿತ್ತು. ಭೂಕಂಪದ ನಂತರ ನಗರ ಯೋಜನೆಯವರು ಊರಿನ ಹೊಸ ನಕ್ಷೆ ಹಾಕಲು ಕೂತರು. ಬೆಂಕಿ ನಂದಿಸುವ ಗಾಡಿ ಹೋಗಲಾಗದ ಓಣಿಗಳು ಎಷ್ಟು, ಜನ ಓಡಿ ಬಂದರೆ ನಿಲ್ಲಲು ಬಯಲು ಎಲ್ಲಿದೆ, ಕೆಳಗೆ ವಾಹನ ನಿಲ್ಲಿಸಲು ಬರೀ ಪಿಲ್ಲರ್ ಬಿಟ್ಟು ಮೇಲೆ ಮನೆ ಹೇರಿದ ಕಟ್ಟಡಗಳು ಯಾವುವು ಎಂದೆಲ್ಲ ಬಣ್ಣ ಬಳಿಯುತ್ತಾ ಹೋದರು. ಆದರೆ ಕಚೇರಿಯ ಕಪಾಟಿನಲ್ಲಿದ್ದ ನಕ್ಷೆಯೇ ಒಂದು, ನೆಲದ ಮೇಲೆ ನಿಂತ ಕಟ್ಟಡವೇ ಇನ್ನೊಂದು. ಅದಕ್ಕೇ, ಕೈಯಾರೆ ಕಟ್ಟಿದವರು ಯಾರಾದರೂ ಬದುಕಿದ್ದರೆ ಬಂದು ಹೇಳಿ ಎಂದು ಬೋರ್ಡು ಹಾಕಿದರು. ಮೊದಲು ಬಂದವನು ಎಡಚಪ್ಪ. ಯಾರೂ ಕರೆದಿರಲಿಲ್ಲ. ಬಂದು ಬೆಂಚಿನ ಮೇಲೆ ಕೂತು, “ನಾನು ಕಟ್ಟಿದ್ದನ್ನೆಲ್ಲ ತೋರಿಸ್ತೀನಿ,” ಎಂದಿದ್ದ, ಅಷ್ಟೇ. ಅವತ್ತಿನಿಂದ ಬೀದಿ ಬೀದಿ ತೋರಿಸುತ್ತಾ ಬಂದು ಇವತ್ತು ತನ್ನ ಮಗಳ ಮನೆಯ ಕೆಳಗೇ ನಿಂತಿದ್ದ.

ಮಗಳಿದ್ದದ್ದು ಎರಡನೇ ಮಹಡಿಯಲ್ಲಿ. ಹದಿನಾಲ್ಕು ವರ್ಷದ ಹಿಂದೆ ಅವನು ಮಗಳನ್ನೂ ಅಳಿಯನನ್ನೂ ಇಲ್ಲಿಗೆ ಕರೆದುಕೊಂಡು ಬಂದು, ಇದೇ ಪಿಲ್ಲರಿಗೆ ಅಂಗೈಯಿಂದ ಎರಡು ಬಾರಿಸಿ, “ಕಣ್ಮುಚ್ಚಿ ತಗೊಳ್ಳಿ. ಇದರ ಕಂಬಿ ಕಟ್ಟಿದ್ದು ನಾನು. ಆನೆ ಬಂದು ಗುದ್ದಿದ್ರೂ ಆನೆಗೇ ತಲೆನೋವು,” ಎಂದಿದ್ದ. ಅಳಿಯ ನಕ್ಕಿದ್ದ. ಒಳ್ಳೆಯ ಹುಡುಗ, ಮಾತು ಕಡಿಮೆ. ಭೂಕಂಪದ ದಿನ ಮಧ್ಯಾಹ್ನ ಕನ್ನಡಕದ ಕಡ್ಡಿ ಸರಿಮಾಡಿಸಲು ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಹೋಗಿದ್ದ. ಆ ಕಟ್ಟಡ ಕಾಲು ಮಡಚಿದ ಒಂಟೆಯ ಹಾಗೆ ಕೂತುಬಿಟ್ಟಿತು. ಸತ್ತವರು ಒಂಬತ್ತು ಜನ.

ಮೂರನೇ ದಿನ ಅವಶೇಷದ ಮುಂದೆ ನಿಂತಾಗ ಎಡಚಪ್ಪನಿಗೆ ಅಳಿಯ ಸಿಕ್ಕುವ ಮೊದಲು ಮುರಿದ ಪಿಲ್ಲರೊಂದು ಕಂಡಿತ್ತು. ಉದ್ದ ಕಂಬಿಗಳನ್ನು ಹಿಡಿದಿಡಬೇಕಾದ ರಿಂಗುಗಳೆಲ್ಲ ಬಾಯಿ ಬಿಟ್ಟುಕೊಂಡಿದ್ದವು. ಕಟ್ಟಿದ ತಂತಿ ಎಡಕ್ಕೆ ತಿರುಚಿಕೊಂಡಿತ್ತು. ಬಲಗೈಯವರು ಕಟ್ಟಿದರೆ ಬಲಕ್ಕೆ ತಿರುಚಿಕೊಳ್ಳುತ್ತದೆ. ಅವತ್ತು ಅವನಿಗೆ ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡ ಒಸಡಿನ ಹಾಗೆ ಒಳಗೆಲ್ಲೋ ದಪ್ಪಗಾಗಿ, ಮುಟ್ಟಿದರೂ ತಿಳಿಯದಂತಾಗಿತ್ತು. ಮಗಳ ಮನೆಗೆ ಬಂದು ಉಳಿದುಕೊಂಡ. ಹಾಕಿದ್ದನ್ನು ಉಂಡ. ಏನನ್ನೂ ಹೇಳಲಿಲ್ಲ.

“ಶುರು ಮಾಡ್ಲಾ?” ಎಂದ ಗುಡುಗು. ಮಾಡಿದ.

ಮೊದಲನೇ ಮಹಡಿಯಲ್ಲಿ ಒಂದು ಲೋಟ ಬಿತ್ತು. ಮೂರನೆಯದರಲ್ಲಿ ಎರಡು ಬಿದ್ದವು, ಒಂದು ಉರುಳಿಕೊಂಡು ಹೋಗಿ ಯಾವುದೋ ಬಾಗಿಲಿಗೆ ಬಡಿಯಿತು. ಎರಡನೇ ಮಹಡಿಯ ಎಡಗಡೆ ಮನೆಯಿಂದ ಮಾತ್ರ ಹೊಲಿಗೆ ಯಂತ್ರದ ಸದ್ದು ನಿಲ್ಲದೆ ಬರುತ್ತಲೇ ಇತ್ತು. ಆ ಮನೆಯಲ್ಲಿ ಬೀಳಲು ಲೋಟವೇ ಇರಲಿಲ್ಲ. ಭೂಕಂಪದ ನಂತರ ಇಡೀ ಬೀದಿ ಶಾಲೆಯ ಬಯಲಿನಲ್ಲಿ ಹದಿನೈದು ದಿನ ಮಲಗಿದ್ದರೂ ಮಗಳು ಹೋಗಿರಲಿಲ್ಲ. “ನಮ್ಮಪ್ಪ ಕಟ್ಟಿದ್ದು, ಬೀಳಲ್ಲ,” ಎಂದು ಕೇಳಿದವರಿಗೆಲ್ಲ ಹೇಳಿದ್ದಳು.

ಸಿಮೆಂಟಿನ ಧೂಳು ಇಳಿದ ಮೇಲೆ ಇಂಜಿನಿಯರ್ ಬ್ಯಾಟರಿ ಹಿಡಿದು ಬಗ್ಗಿದಳು. ರಿಂಗಿನ ಎರಡು ತುದಿಗಳೂ ಒಳಕ್ಕೆ ಬಾಗಿ ಕಾಂಕ್ರೀಟಿನ ಹೊಟ್ಟೆಯನ್ನು ಕಚ್ಚಿಕೊಂಡಿರಬೇಕಿತ್ತು. ಬದಲಿಗೆ ಅಂಚಿನಗುಂಟ ಸುಮ್ಮನೆ ಒರಗಿಕೊಂಡಿದ್ದವು. ಅವಳು ಪೆನ್ಸಿಲಿನ ತುದಿಯಿಂದ ತಂತಿಯ ಗಂಟನ್ನು ಮುಟ್ಟಿದಳು. ಗುಡುಗುವನ್ನು ಟೀ ಕುಡಿದು ಬಾ ಎಂದು ಕಳಿಸಿದಳು.

“ಬಸ್ ನಿಲ್ದಾಣದ ಹತ್ರ ಬಿದ್ದ ಕಟ್ಟಡದ ಫೋಟೋ ನನ್ನ ಹತ್ರ ಇದಾವೆ, ಮೇಸ್ತ್ರಿಗಳೇ.”

“ಇರ್ತಾವೆ ಮೇಡಂ.”

“ಮೊದಲನೇ ದಿನ ನೀವು ಅರ್ಜಿಗೆ ಎಡಗೈಯಲ್ಲಿ ಸಹಿ ಹಾಕಿದ್ರಲ್ಲ, ಅವತ್ತೇ ಅಂದ್ಕೊಂಡೆ.” ಸ್ವಲ್ಪ ತಡೆದು, “ನಿಮ್ಮ ಮಗಳಿಗೆ ಗೊತ್ತಾ?” ಎಂದಳು.

“ಇಲ್ಲ.”

“ಹೀಗೆ ಯಾಕೆ ಬಗ್ಗಿಸಿದ್ರಿ?” ಕೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಫಾರಂನಲ್ಲಿ ಒಂದು ಖಾನೆ ಖಾಲಿ ಉಳಿದಿತ್ತು ಅಂತ ಕೇಳಿದ ಹಾಗಿತ್ತು.

“ತುದಿ ಒಳಕ್ಕೆ ಬಗ್ಗಿಸಿದ್ರೆ ಕಂಬಿಗಳ ಮಧ್ಯ ತೂರಿಸೋದು ಕಷ್ಟ. ನಕ್ಷೇಲಿ ಹಂಗೇ ಬರೆದಿರೋರು. ಓದಿದೋರು ಏನೋ ಶೋಕಿಗೆ ಬರೀತಾರೆ ಅಂದ್ಕೊತಿದ್ವಿ. ಸಂಜೆ ಒಳಗೆ ಕಾಂಕ್ರೀಟ್ ಹಾಕ್ಬೇಕು ಅಂತ ಮೇಲಿಂದ ಕೂಗೋರು. ಬಗ್ಗಿಸದಿದ್ರೆ ರಿಂಗಿಗೆ ಒಂದು ಸುತ್ತಿಗೆ ಪೆಟ್ಟು ಉಳೀತಿತ್ತು.” ಅವನು ತನ್ನ ಎಡಗೈ ನೋಡಿಕೊಂಡ. “ಒಂದೇ ಪೆಟ್ಟು.”

ಅಷ್ಟರಲ್ಲಿ ಮೊದಲನೇ ಮಹಡಿಯ ಪೋಸ್ಟ್ ಮಾಸ್ತರು ಮೆಟ್ಟಿಲಿಳಿದು ಬಂದರು. ನಿವೃತ್ತರು, ಕಟ್ಟಡದ ಸಂಘಕ್ಕೆ ಕಾರ್ಯದರ್ಶಿ. ಕೈಯಲ್ಲಿ ನೆಗ್ಗಿದ ಲೋಟ.

“ನೋಡಿ ಇದನ್ನ! ನನ್ನ ಮದುವೆ ಕಾಲದ ಲೋಟ. ನಲವತ್ತೊಂದು ವರ್ಷ ನನ್ನ ಹೆಂಡ್ತಿ ಕೈಯಲ್ಲಿ ಉಳಿದಿತ್ತು, ನಿಮ್ಮ ಕೈಯಲ್ಲಿ ಉಳೀಲಿಲ್ಲ,” ಎಂದರು. ಆಮೇಲೆ ಇಂಜಿನಿಯರ್ ಕೈಯಲ್ಲಿದ್ದ ಒಪ್ಪಿಗೆಯ ಫಾರಂ ಕಂಡು ದನಿ ಬದಲಾಯಿತು. “ಮತ್ತೆ ಅದೇನಾ? ಐದು ತಿಂಗಳು ಮನೆ ಖಾಲಿ ಮಾಡಿ, ಪಿಲ್ಲರಿಗೆ ಕಬ್ಬಿಣ ಸುತ್ತಿ ದಪ್ಪ ಮಾಡ್ತೀವಿ ಅನ್ನೋದು? ಎಂಟು ಮನೆಯವರೂ ಒಪ್ಪಬೇಕು ಅಂತ ನೀವೇ ಹೇಳಿದೀರಿ. ಯಾರೂ ಒಪ್ಪಲ್ಲ ಕಣಮ್ಮಾ.”

“ಯಾಕೆ ಸರ್?”

“ಯಾಕೆ ಅಂದ್ರೆ? ಕಟ್ಟಿದೋರ ಮಗಳೇ ಮೇಲೆ ನೆಮ್ಮದಿಯಾಗಿ ಬಟ್ಟೆ ಹೊಲೀತಾ ಕೂತಿದಾಳೆ. ಗಂಡನ್ನ ಕಳ್ಕೊಂಡೂ ಕದಲಿಲ್ಲ ಆ ಹುಡುಗಿ. ಅವಳಿಗಿಲ್ಲದ ಭಯ ನಮಗ್ಯಾಕೆ? ಅವಳು ಸಹಿ ಹಾಕಲಿ, ಆ ಮಸಿ ಆರೋದ್ರೊಳಗೆ ನಾನೂ ಹಾಕ್ತೀನಿ, ಉಳಿದೋರ ಕೈಲೂ ಹಾಕಿಸ್ತೀನಿ.” ಎಡಚಪ್ಪನ ಭುಜ ತಟ್ಟಿದರು. “ಏನು ಮೇಸ್ತ್ರಿ, ಆನೆ ಗುದ್ದಿದ್ರೂ ಆನೆಗೇ ತಲೆನೋವು ಅಂದಿದ್ರಲ್ಲ, ಈಗ ಸುಮ್ನೆ ನಿಂತಿದೀರಿ?”

ಎಡಚಪ್ಪ ಇಂಜಿನಿಯರ್ ಕಡೆ ಕೈ ಚಾಚಿದ. ಅವಳು ಫಾರಂ ಕೊಟ್ಟಳು.

“ನಾನೂ ಬರಲಾ ಮೇಲಕ್ಕೆ?”

“ಬೇಡ ಮೇಡಂ.”

ಮೂವತ್ತನಾಲ್ಕು ಮೆಟ್ಟಿಲು. ದಿನಾ ಹತ್ತುವಾಗ ಎಣಿಸುವುದು ಅವನ ಅಭ್ಯಾಸ, ಇವತ್ತೂ ಎಣಿಸಿದ. ಬಾಗಿಲು ತೆರೆದೇ ಇತ್ತು. ಮಗಳು ಕಿಟಕಿಯ ಪಕ್ಕ ಕೂತು ಶಾಲೆಯ ಸಮವಸ್ತ್ರಕ್ಕೆ ತೋಳು ಕೂರಿಸುತ್ತಿದ್ದಳು. ಸುತ್ತಲೂ ನೀಲಿ ಬಟ್ಟೆಯ ರಾಶಿ. ಗೋಡೆಯ ಮೊಳೆಗೆ ಅಳಿಯನ ಕೈಚೀಲ ಏಳು ತಿಂಗಳಿಂದ ಹಾಗೇ ನೇತಾಡುತ್ತಿತ್ತು.

“ಆ ನಿಮ್ಮ ಗುಡುಗಂದು ಮುಗೀತಾ? ತಲೆ ಚಿಟ್ಟು ಹಿಡಿಸಿಬಿಟ್ಟ,” ಎಂದಳು ತಲೆಯೆತ್ತದೆ.

ಅವನು ಎದುರಿನ ಸ್ಟೂಲಿನ ಮೇಲೆ ಕೂತ. ಫಾರಂ ಮೊಣಕಾಲಿನ ಮೇಲಿತ್ತು. ಹೇಗೆ ಶುರು ಮಾಡಬೇಕೆಂದು ಮೆಟ್ಟಿಲ ಮೇಲೆ ಯೋಚಿಸಿರಲಿಲ್ಲ, ಎಣಿಸುತ್ತಿದ್ದ.

“ಪುಟ್ಟಿ, ಹೊಲಿಗೆ ಮುಗಿದ ಮೇಲೆ ದಾರದ ತುದಿ ಏನ್ಮಾಡ್ತೀಯಾ?”

“ಏನ್ಮಾಡ್ತಾರೆ, ಹಿಂದಕ್ಕೆ ನಾಲ್ಕು ಹೊಲಿಗೆ ಹಾಕಿ ಕತ್ತರಿಸ್ತಾರೆ. ಯಾಕೆ, ಈ ವಯಸ್ಸಲ್ಲಿ ಟೈಲರಿಂಗ್ ಕಲೀತೀಯಾ?”

“ಹಿಂದಕ್ಕೆ ಹಾಕದೇ ಇದ್ರೆ?”

“ನೋಡೋಕೆ ಏನೂ ಗೊತ್ತಾಗಲ್ಲ. ಮಕ್ಕಳು ತೋಳು ಹಿಡಿದು ಎಳೆದಾಡ್ತಾರಲ್ಲ, ಆವಾಗ ಸರ್ರಂತ ಬಿಚ್ಕೊಳ್ಳುತ್ತೆ.”

“ನಾನು ಹಾಕಿರಲಿಲ್ಲ.”

ಯಂತ್ರ ನಿಂತಿತು. ಅವಳು ಅಪ್ಪನ ಮುಖ ನೋಡಿದಳು, ಆಮೇಲೆ ಫಾರಂ ನೋಡಿದಳು.

“ಈ ಕಟ್ಟಡಕ್ಕೆ,” ಎಂದ ಅವನು. “ಕೆಳಗಡೆ ಪಿಲ್ಲರಿಗೆ. ರಿಂಗಿನ ತುದಿ ಒಳಕ್ಕೆ ಬಗ್ಗಿಸ್ಬೇಕಿತ್ತು. ಹಂಗೇ ಬಿಟ್ಟಿದೀನಿ. ಈಗ ಒಡೆದು ನೋಡಿದ್ರು. ಎಳೆದ್ರೆ ಬಿಚ್ಕೊಳ್ಳುತ್ತೆ.”

ಕೆಳಗೆ ಗುಡುಗು ಯಾರಿಗೋ ಟೀಯಲ್ಲಿ ಸಕ್ಕರೆಯೇ ಇಲ್ಲ ಎಂದು ದೂರುತ್ತಿದ್ದ.

“ನೀನು ಕಟ್ಟಿದ್ದು ಅಂತ ನಾನಿಲ್ಲಿ ಮಲಗಿದ್ದು, ಅಪ್ಪ.”

“ಗೊತ್ತು.”

“ಏಳು ತಿಂಗಳು. ನೀನೂ ಪಕ್ಕದ ರೂಮಲ್ಲೇ ಮಲಗಿದ್ದೆ.”

“ಹೂಂ.”

“ಒಂದು ಮಾತು ಹೇಳೋಕಾಗ್ಲಿಲ್ವಾ?”

ಹೇಳಿದರೆ ನೀನು ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ ಎನ್ನಬೇಕಿತ್ತು. ಅವನು ಮೊಣಕಾಲಿನ ಮೇಲಿನ ಫಾರಂ ನೇರ ಮಾಡಿಕೊಂಡ. ಅವಳು ತೋಳಿನ ಬಟ್ಟೆಯ ಮಡಿಕೆಯನ್ನು ಹೆಬ್ಬೆರಳಿನಿಂದ ತೀಡುತ್ತಿದ್ದಳು. ತೀಡುತ್ತಾ ತೀಡುತ್ತಾ ಬೆರಳು ನಿಂತಿತು.

“ಎಲ್ಲಾ ಕಡೆ ಹಿಂಗೇ ಮಾಡ್ತಿದ್ಯಾ?”

“ಎಲ್ಲಾ ಕಡೆ.”

“ಇವರು ಹೋಗಿದ್ರಲ್ಲ,” ಎಂದು ಅವಳು ಮೊಳೆಯ ಮೇಲಿನ ಚೀಲದ ಕಡೆ ನೋಡದೆಯೇ ಗದ್ದ ತಿರುಗಿಸಿದಳು, “ಆ ಕನ್ನಡಕದ ಅಂಗಡಿ. ಅದನ್ನ ಯಾರು ಕಟ್ಟಿದ್ದು?”

ಆ ಕಟ್ಟಡವನ್ನು ಇನ್ನು ಯಾರೂ ಒಡೆದು ನೋಡುವಂತಿರಲಿಲ್ಲ, ಅದರ ಜಾಗದಲ್ಲಿ ಈಗ ಬಯಲು. ನಕ್ಷೆಯಲ್ಲಿ ಅದಕ್ಕೆ ಹಸಿರು ಬಣ್ಣ ಬಳಿದಿದ್ದರು. ಗೊತ್ತಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಅದೂ ನಂದೇ.”

ಅವಳು ಕಿರುಚಲಿಲ್ಲ. ಅವನು ಕಿರುಚಾಟವನ್ನೇ ಕಾಯುತ್ತಿದ್ದನೋ ಏನೋ, ಬರದಿದ್ದಾಗ ಎಲ್ಲಿ ನೋಡಬೇಕೆಂದು ತಿಳಿಯದೆ ಅವಳ ಪಾದ ನೋಡಿದ. ಅವಳು ಬಟ್ಟೆಯನ್ನು ಸೂಜಿಯ ಕೆಳಗೆ ಸರಿಪಡಿಸಿಕೊಂಡು, ಅರ್ಧಕ್ಕೆ ನಿಂತಿದ್ದ ತೋಳನ್ನು ಕೊನೆಯವರೆಗೂ ಹೊಲಿದಳು. ಹಿಂದಕ್ಕೆ ನಾಲ್ಕು ಹೊಲಿಗೆ ಹಾಕಿದಳು. ದಾರ ಕತ್ತರಿಸಿದಳು. ಅಂಗಿಯನ್ನು ಮಡಚಿ ರಾಶಿಯ ಮೇಲಿಟ್ಟಳು.

“ಎಲ್ಲಿ ಹಾಕ್ಬೇಕು ಸಹಿ?”

“ಇಲ್ಲಿ.”

ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಡಬ್ಬಿಯಲ್ಲಿ ಪೆನ್ನು ಹುಡುಕಿ, ಸಹಿ ಹಾಕಿ, ಫಾರಂ ಮುಂದಕ್ಕೆ ತಳ್ಳಿದಳು. “ಪೋಸ್ಟ್ ಮಾಸ್ತರಿಗೆ ನೀನೇ ಹೇಳು. ಎಲ್ಲರಿಗೂ ನೀನೇ ಹೇಳು. ನಂಗೆ ಆಗಲ್ಲ.”

“ಹೇಳ್ತೀನಿ.”

ಅವನು ಎದ್ದು ಬಾಗಿಲ ತನಕ ಹೋದ.

“ಚಪ್ಪಲಿ ಹಾಕ್ಕೊಂಡು ಹೋಗು. ಕೆಳಗೆಲ್ಲ ಗಾರೆ ಚೂರು ಬಿದ್ದಿರುತ್ತೆ.”

“ಹೂಂ.”

ಹೊಸ್ತಿಲಾಚೆ ಬಗ್ಗಿ ಚಪ್ಪಲಿ ಹುಡುಕುವಾಗ ಒಳಗೆ ಕುರ್ಚಿ ಸರಿದ ಸದ್ದಾಯಿತು. ಅವಳು ಅಡುಗೆಮನೆಯಿಂದ ಒಂದು ಗಾಜಿನ ಬಾಟಲಿ, ಒಂದು ಲೋಟ ತಂದಳು. ಬಾಟಲಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಲೋಟವನ್ನು ಅದರ ಬಾಯಿಯ ಮೇಲೆ ಬೋರಲು ಹಾಕಿದಳು. ಓರೆಯಾಗಿ ಜಾರಿತು, ಹಿಡಿದುಕೊಂಡಳು. ಮತ್ತೆ ಇಟ್ಟಳು, ಮತ್ತೆ ಜಾರಿತು. ಏಳು ತಿಂಗಳಿಂದ ಬೀದಿಯವರಿಗೆಲ್ಲ ರೂಢಿಯಾಗಿದ್ದ ಕೆಲಸ ಅವಳಿಗೆ ಹೊಸದು. ಮೂರನೇ ಸಲ ಎರಡೂ ಕೈಯಿಂದ ಮೆಲ್ಲಗೆ ಕೂರಿಸಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಹಿಂದಕ್ಕೆ ಒಂದು ಹೆಜ್ಜೆ ಇಟ್ಟಳು. ಲೋಟ ನಿಂತಿತು.